ಪದಚರ್ಚೆ: ಮೀನಿನ ಬಾಯಿಗೆ ಹಿಡಿಯುವುದು ‘ಬೂಷ್ಟು’ ಹೌದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಅದಕ್ಕೂ ಮೊದಲು, ಈಗ ಬಳಕೆಯಲ್ಲಿರುವ ಒಂದು ಪದವನ್ನು ಕೈಬಿಡಬಹುದೇ ಎಂಬುದಕ್ಕೆ ನಿಮ್ಮ ಅಭಿಪ್ರಾಯ ಬೇಕಾಗಿದೆ.

ನಮ್ಮ ಮನೆಯಲ್ಲಿ ಎರಡು ಅಡಿ ಉದ್ದದ ಮೀನುತೊಟ್ಟಿ ಇದೆ. ಕಳೆದ ಬೇಸಿಗೆಯಲ್ಲಿ ಕಪ್ಪು ಮೋಲಿ ಮೀನೊಂದರ ತುಟಿಯ ಅಂಚಿನಲ್ಲಿ ಬೆಳ್ಳಗೆ ಏನೋ ಕಾಣಿಸಿತು. ಮೊದಲು ತಿಂಡಿಯ ಚೂರು ಅಂಟಿದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ತುಟಿಯ ಸುತ್ತ ಹತ್ತಿಯ ಎಳೆ ಸುತ್ತಿದಂತೆ ಆಗಿತ್ತು. ಅಮ್ಮ ನೋಡಿದವರೇ, ‘ಉಪ್ಪಿನಕಾಯಿಗೆ ಹಿಡಿದ ಹಾಗೆ ಬೂಷ್ಟು ಹಿಡಿದಿದೆಯಲ್ಲ’ ಎಂದರು. ಮೀನಿನ ಅಂಗಡಿಯಲ್ಲಿ ಮೊಬೈಲ್ ಚಿತ್ರ ತೋರಿಸಿದಾಗ ಅವರೂ ಅದನ್ನೇ ಹೇಳಿದರು: ‘ಬಾಯಿ ಫಂಗಸ್.’ ಫಂಗಸ್ಸಿಗೆ ಹಾಕುವ ನೀಲಿ ದ್ರಾವಣದ ಶೀಸೆ ಕೊಟ್ಟು, ಹೀಟರಿನ ಶಾಖವನ್ನೂ ಒಂದೆರಡು ಡಿಗ್ರಿ ಏರಿಸಿ ಎಂದರು. ಹೇಳಿದಂತೆಯೇ ಮಾಡಿದೆ. ಮೂರನೆಯ ದಿನದ ಸಂಜೆಯ ಹೊತ್ತಿಗೆ ನಾಲ್ಕು ಮೋಲಿಗಳೂ ಎರಡು ಪ್ಲಾಟಿಗಳೂ ಸತ್ತಿದ್ದವು.

ಉಳಿದವುಗಳನ್ನು ನೋಡಿದ ಪಶುವೈದ್ಯರು, ತುಟಿಯಿಂದ ಒರೆಸಿ ತೆಗೆದ ಲೋಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನನಗೂ ತೋರಿಸಿದರು. ಅಲ್ಲಿ ಬೂಷ್ಟಿನ ಬಳ್ಳಿಗಳಿರಲಿಲ್ಲ. ಸಣ್ಣ ಉದ್ದುದ್ದನೆಯ ಕಡ್ಡಿಗಳು ಒಂದರ ಮೇಲೊಂದು ತೆವಳಿ ಗುಪ್ಪೆ ಹಾಕಿಕೊಂಡಿದ್ದವು. ನನ್ನ ಕಣ್ಣಿಗೆ ಅದು ಸುಗ್ಗಿಯ ನಂತರ ಕಣದ ಬದಿಗೆ ಒಟ್ಟಿದ ಹುಲ್ಲಿನ ಬಣವೆಯಂತೆಯೇ ಕಂಡಿತು. ಅದು ಬ್ಯಾಕ್ಟೀರಿಯ, ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಎಂದು ಅದರ ಹೆಸರು. ಅಮೆರಿಕದ ಮಿಸಿಸಿಪಿ ನದಿಯ ಮೀನುಗಳಲ್ಲಿ ಈ ರೋಗವನ್ನು ಕಂಡು 1922ರಲ್ಲಿ ಮೊದಲು ವಿವರಿಸಿದ ಡೇವಿಸ್ ಎಂಬ ವಿಜ್ಞಾನಿಗೆ ಆ ಗುಪ್ಪೆ ಕಂಬದಂತೆ ಕಂಡಿತ್ತು. ಲ್ಯಾಟಿನ್ನಿನ ಕಂಬವೇ ಹೆಸರಾಯಿತು. ಆಮೇಲೆ ಆ ಜೀವಿಯ ಕುಲನಾಮ ನಾಲ್ಕಾರು ಬಾರಿ ಬದಲಾಯಿತು. 1996ರಲ್ಲಿ ಈಗಿನ ಕುಲಕ್ಕೆ ಸೇರಿತು. 2022ರಲ್ಲಿ ಒಂದೇ ಎಂದುಕೊಂಡಿದ್ದು ನಾಲ್ಕು ಪ್ರಭೇದಗಳಾಗಿ ಒಡೆಯಿತು. ಇಷ್ಟೆಲ್ಲ ಬದಲಾದರೂ ‘ಕಂಬ’ ಮಾತ್ರ ಉಳಿದುಕೊಂಡಿದೆ. ಆದರೆ ಮೀನು ಸಾಕುವವರ ಬಾಯಲ್ಲಿ ಇಂಗ್ಲಿಷಿನಲ್ಲೂ ಅದು ಇಂದಿಗೂ ‘ಮೌತ್ ಫಂಗಸ್’. ಆ ತಪ್ಪು ಹೆಸರೇ ನಮ್ಮಲ್ಲಿಗೂ ಬಂದು ‘ಬಾಯಿ ಫಂಗಸ್’, ‘ಬಾಯಿ ಬೂಷ್ಟು’, ‘ಬಾಯಿಯ ಶಿಲೀಂಧ್ರ ರೋಗ’ ಎಂದಾಗಿದೆ.

ನಮ್ಮ ಬಡಾವಣೆಯಲ್ಲಿ ಮೀನು ಸಾಕುವ ಮಕ್ಕಳು ಬಹಳ ಇದ್ದಾರೆ. ಅವರಿಗಾಗಿ ಎರಡು ಪುಟದ ಕನ್ನಡ ಕರಪತ್ರ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದೇನೆ, ಏಕೆಂದರೆ ಮೊದಲ ಸಾಲಿನಲ್ಲೇ ರೋಗದ ಹೆಸರು ಬರಬೇಕು.

‘ಹೆಸರಿನಲ್ಲೇನಿದೆ, ರೈತರು ರೋಗಗಳನ್ನು ಕಂಡ ರೂಪದಿಂದಲೇ ಕರೆಯುತ್ತಾರಲ್ಲ’ ಎಂದು ನೀವು ಕೇಳಬಹುದು. ನಿಜ. ಭತ್ತಕ್ಕೆ ಬೆಂಕಿ ರೋಗ, ಜೋಳಕ್ಕೆ ಕಾಡಿಗೆ ರೋಗ, ಗೋಧಿಗೆ ತುಕ್ಕು ರೋಗ, ದ್ರಾಕ್ಷಿಗೆ ಬೂದಿ ರೋಗ. ಎಷ್ಟು ಸೊಗಸಾದ ಹೆಸರುಗಳು! ಇವು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ಬೆಂಕಿ ರೋಗ ಎಂದಾಗ ಗದ್ದೆಗೆ ನಿಜವಾಗಿ ಬೆಂಕಿ ಬಿದ್ದಿದೆ ಎಂದು ಯಾರೂ ಕೊಡ ಹಿಡಿದು ಓಡುವುದಿಲ್ಲ. ತುಕ್ಕು ರೋಗಕ್ಕೆ ಎಣ್ಣೆ ಸವರುವವರಿಲ್ಲ. ಹೋಲಿಕೆ ಹೋಲಿಕೆಯೆಂದೇ ಎಲ್ಲರಿಗೂ ಗೊತ್ತು. ‘ಬಾಯಿ ಬೂಷ್ಟು’ ಹಾಗಲ್ಲ. ಅದು ಹೋಲಿಕೆಯಂತೆ ಕೇಳುವುದಿಲ್ಲ, ಕಾರಣವನ್ನೇ ಹೇಳಿದಂತೆ ಕೇಳುತ್ತದೆ. ಬೂಷ್ಟು ನಂಬಬಹುದಾದ ಸುಳ್ಳು. ನಂಬಿದವರು ಬೂಷ್ಟಿನ ಔಷಧಿಯನ್ನೇ ತರುತ್ತಾರೆ, ನಾನು ತಂದಂತೆ. ಅದು ಈ ಬ್ಯಾಕ್ಟೀರಿಯದ ಮೇಲೆ ನೆಚ್ಚಿಕೊಳ್ಳುವಂತೆ ಕೆಲಸ ಮಾಡುವುದಿಲ್ಲ. ಕಾಯುತ್ತಾ ಕುಳಿತ ಎರಡು ದಿನದಲ್ಲಿ ಮೀನಿನ ದವಡೆ ಕರಗಿಹೋಗುತ್ತದೆ. ಬಿಳಿಚುಕ್ಕೆ ಎಂಬ ಇನ್ನೊಂದು ಮೀನುರೋಗಕ್ಕೆ ಮಾಡುವಂತೆ ನೀರು ಬೆಚ್ಚಗೆ ಮಾಡಿದರಂತೂ ರೋಗ ಇನ್ನಷ್ಟು ಬೇಗ ಹಬ್ಬುತ್ತದೆ, ಈ ಜೀವಿಗೆ ಬೆಚ್ಚನೆಯ ನೀರೇ ಇಷ್ಟ.

ಬೂಷ್ಟು ಎಂಬ ಮಾತಿನ ಬಗ್ಗೆ ನನಗೆ ತಕರಾರಿಲ್ಲ, ಅದು ಚೆಂದದ ಪದ. ಬೂಸ್ಟು, ಬೂಜು ಎಂಬ ರೂಪಗಳನ್ನೂ ಕೇಳಿದ್ದೇನೆ. ತೆಲುಗಿನ ಬೂಜು, ತಮಿಳಿನ ಪೂಸಣಂ ಇದರ ನೆಂಟರಂತೆಯೇ ಕೇಳುತ್ತವೆ. ಮೀನಿಗೆ ನಿಜವಾಗಿಯೂ ಬೂಷ್ಟಿನಂಥದ್ದು ಹಿಡಿಯುವುದುಂಟು: ಸಪ್ರೊಲೆಗ್ನಿಯಾ. ಗಾಯವಾದ ಜಾಗದಲ್ಲಿ, ಸತ್ತ ಮೊಟ್ಟೆಗಳ ಮೇಲೆ, ಉದ್ದನೆಯ ಎಳೆಗಳು ನೀರಿನಲ್ಲಿ ತೇಲಾಡುವಂತೆ ಬೆಳೆಯುತ್ತದೆ. ಬಾಯಿರೋಗದ ಪದರವಾದರೋ ಗಿಡ್ಡ, ಮೈಗೆ ಒತ್ತಿಕೊಂಡಿರುತ್ತದೆ, ಬೂದುಬಿಳಿ ಅಥವಾ ತುಸು ಹಳದಿ. ಬೂಷ್ಟು ಎಂಬ ಮಾತನ್ನು ಸಪ್ರೊಲೆಗ್ನಿಯಾಗೆ ಮೀಸಲಿಟ್ಟರೆ ಎರಡನ್ನೂ ಬೇರ್ಪಡಿಸಿ ಹೇಳಲು ಬರುತ್ತದೆ.

ಶಿಲೀಂಧ್ರ ಎಂದರಾದೀತೇ? ಸಂಸ್ಕೃತ ನಿಘಂಟುಗಳಲ್ಲಿ ಆ ಪದಕ್ಕೆ ಅಣಬೆ, ಬಾಳೆಯ ಹೂವು ಎಂಬ ಅರ್ಥಗಳ ಜೊತೆಗೆ ‘ಒಂದು ಬಗೆಯ ಮೀನು’ ಎಂಬ ಅರ್ಥವೂ ಇದೆ! ಇದನ್ನು ಕಂಡಾಗ ಬಹಳ ಸಂತೋಷವಾಯಿತು, ಆದರೆ ನಮ್ಮ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಸಪ್ರೊಲೆಗ್ನಿಯಾ ಕೂಡ ಈಗಿನ ವರ್ಗೀಕರಣದಲ್ಲಿ ಶಿಲೀಂಧ್ರವಲ್ಲ. ಅದು ಊಮೈಸೀಟ್ ಎಂಬ ಬೇರೆಯೇ ಗುಂಪಿನದು. ನಮ್ಮ ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಕೂಡ ಅದೇ ಗುಂಪಿನದು.

ಕೊಳೆರೋಗದ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಮನೆಯವರು. ಮಳೆಗಾಲದಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸುವ ಚಿಂತೆಯಲ್ಲೇ ಬೆಳೆದೆ. ಹಾಗಾಗಿ ‘ಕೊಳೆ’ ನನಗೆ ತೀರ ಹತ್ತಿರದ ಮಾತು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ಕೊಳೆರೋಗ ಎಂಬ ಹೆಸರನ್ನು ಹಾಗೆಯೇ ಇಟ್ಟುಕೊಂಡರು. ಅದಕ್ಕೂ ಮೊದಲು, 1876ರಲ್ಲಿ, ಕಾಫಿ ಗಿಡದ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಕುಕ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಪೆಲ್ಲಿಕ್ಯುಲೇರಿಯಾ ಕೊಳೆರೋಗ ಎಂದು ಹೆಸರಿಟ್ಟಿದ್ದರು. ನಮ್ಮ ತೋಟದ ಮಾತು ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಕುಳಿತುಕೊಂಡಿತು. ಕನ್ನಡಕ್ಕೆ ರೋಗಗಳನ್ನು ಹೆಸರಿಸುವ ಶಕ್ತಿ ಇಷ್ಟಿರುವಾಗ ಮೀನಿನ ರೋಗಕ್ಕೆ ತಪ್ಪು ಇಂಗ್ಲಿಷ್ ಹೆಸರಿನ ತಪ್ಪು ಅನುವಾದವೇ ಗತಿಯೆಂದರೆ ಮನಸ್ಸು ಒಪ್ಪುವುದಿಲ್ಲ.

ಆದ್ದರಿಂದ ನನಗೆ ಮೊದಲು ಹೊಳೆದದ್ದು ‘ಬಾಯಿಕೊಳೆ’. ರೋಗ ಬಲಿತಾಗ ಮೀನಿನ ತುಟಿ ನಿಜಕ್ಕೂ ಕೊಳೆಯುತ್ತದೆ. ಆದರೆ ಬೆಂಗಳೂರಿನ ಮಕ್ಕಳ ಕಿವಿಗೆ ಕೊಳೆ ಎಂದರೆ ಬಟ್ಟೆಯ ಕೊಳೆ, ತೊಳೆದರೆ ಹೋಗುವಂಥದ್ದು. ಮೀನಿನ ಬಾಯಿ ಉಜ್ಜಲು ಹೊರಟರೆ ಕಷ್ಟ.

ಎರಡನೆಯದು ‘ಬಣವೆ ರೋಗ’. ಸೂಕ್ಷ್ಮದರ್ಶಕದಲ್ಲಿ ಕಂಡವರಿಗೆ ಇದಕ್ಕಿಂತ ಒಳ್ಳೆಯ ಹೆಸರಿಲ್ಲ. ಕಾಣದವರಿಗೆ ಅರ್ಥವೇ ಆಗುವುದಿಲ್ಲ.

ಮೂರನೆಯದು ‘ಬಾಯಿಹತ್ತಿ’. ಸದ್ಯ ನನ್ನ ಒಲವು ಇದರ ಕಡೆಗೆ. ಕಣ್ಣಿಗೆ ಕಂಡದ್ದನ್ನೇ ಹೇಳುತ್ತದೆ, ಬೆಂಕಿ ರೋಗದಂತೆ ಹೋಲಿಕೆಯಾಗಿಯೇ ಉಳಿಯುತ್ತದೆ. ಮೀನಿನ ಬಾಯಲ್ಲಿ ನಿಜವಾದ ಹತ್ತಿ ಬೆಳೆದಿದೆ ಎಂದು ಯಾರೂ ತಿಳಿಯುವುದಿಲ್ಲ. ಇಲ್ಲಿ ಧಾರವಾಡ, ಬೆಳಗಾವಿ ಕಡೆಯ ಗೆಳೆಯರಿಗೆ ನನ್ನ ಪ್ರಶ್ನೆ. ನಿಮ್ಮಲ್ಲಿ ‘ಹತ್ತು’ ಕ್ರಿಯಾಪದಕ್ಕೆ ಅಂಟಿಕೊಳ್ಳುವ ಅರ್ಥ ಗಟ್ಟಿಯಾಗಿದೆಯಲ್ಲವೇ? ಬಾಯಿಹತ್ತಿ ಎಂದಾಗ ನಿಮಗೆ ಅರಳೆ ಕಾಣಿಸುತ್ತದೆಯೋ, ‘ಬಾಯಿಗೆ ಹತ್ತಿಕೊಂಡು’ ಎಂದು ಕೇಳಿಸುತ್ತದೆಯೋ? ಎರಡೂ ಆದರೆ ನನಗೆ ಇನ್ನೂ ಇಷ್ಟ. ‘ಹತ್ತಿಬಾಯಿ’ ಎಂದು ತಿರುಗಿಸಿದರೆ ರೋಗದ ಹೆಸರಿಗಿಂತ ಆ ಮೀನಿಗಿಟ್ಟ ಅಡ್ಡಹೆಸರಿನಂತೆ ಆಗುತ್ತದೆ ಎಂದು ನನ್ನ ಅನಿಸಿಕೆ.

ಇದೇ ಕರಪತ್ರದ ಇನ್ನೂ ಕೆಲವು ಮಾತುಗಳು.

‘ಸಾಂಕ್ರಾಮಿಕ’ವೋ, ‘ಅಂಟುರೋಗ’ವೋ, ‘ಸೋಂಕು’ ಎಂದರೆ ಸಾಕೋ? ಹಳಗನ್ನಡದಲ್ಲಿ ಸೋಂಕು ಎಂದರೆ ಬರಿಯ ಸ್ಪರ್ಶ. ಮೀನಿಗೆ ನೀರೇ ಸ್ಪರ್ಶ. ಒಂದೇ ತೊಟ್ಟಿಯವು ಒಂದನ್ನೊಂದು ಮುಟ್ಟದಿದ್ದರೂ ಒಂದೇ ನೀರು ಎಲ್ಲವನ್ನೂ ಮುಟ್ಟುತ್ತಿರುತ್ತದೆ. ರೋಗದ ತೊಟ್ಟಿಗೆ ಇಳಿಸಿದ ಬಲೆಯನ್ನು ಹಾಗೆಯೇ ಪಕ್ಕದ ತೊಟ್ಟಿಗೆ ಇಳಿಸಿದರೂ ಹರಡುತ್ತದೆ. ‘ಬಲೆ ಬೇರೆ, ಬಕೆಟ್ ಬೇರೆ, ಕೈ ತೊಳೆದುಕೊಳ್ಳಿ’ ಎಂದು ಬರೆದಿದ್ದೇನೆ. ಹೆಸರಾಗಿ ‘ಸೋಂಕು’ ಇಟ್ಟುಕೊಂಡಿದ್ದೇನೆ.

ಕ್ವಾರಂಟೈನ್‌ಗೆ ‘ಬೇರೆ ತೊಟ್ಟಿ’ ಎಂದಷ್ಟೇ ಬರೆದೆ. ರೋಗ ಬಂದ ದನವನ್ನು ಬೇರೆ ಕಟ್ಟುತ್ತೇವೆ. ಮೀನನ್ನು ಬೇರೆ ಇಡುತ್ತೇವೆ. ಬೆನ್ನಿನ ಮೇಲೆ ಮಂಕಾದ ಅಗಲ ಪಟ್ಟಿ ಬೀಳುವುದು ಇದೇ ರೋಗದ ಇನ್ನೊಂದು ಗುರುತು. ಅದಕ್ಕೆ ‘ಕುದುರೆಯ ಜೀನು ಹಾಕಿದಂತೆ’ ಎಂದಿದ್ದೇನೆ. ಈಗಿನ ಮಕ್ಕಳಿಗೆ ಜೀನು ಗೊತ್ತಿದೆಯೇ?

‘ಕಲ್ಲುಪ್ಪು’ ನನ್ನನ್ನು ಬಹಳ ಕಾಡಿದೆ. ಈ ರೋಗದ ಮೊದಲ ಹಂತದಲ್ಲಿ ಉಪ್ಪು ನೆರವಾಗುತ್ತದೆ, ಮೋಲಿಗಳು ಅದನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ ಕೂಡ. ನನ್ನ ತಲೆಮಾರಿಗೆ ಕಲ್ಲುಪ್ಪು ಎಂದರೆ ಸಮುದ್ರದ ಹರಳುಪ್ಪು. ಈಗ ‘ರಾಕ್ ಸಾಲ್ಟ್’ ಎಂಬುದನ್ನು ಕಲ್ಲುಪ್ಪು ಎಂದು ಅನುವಾದಿಸುವುದರಿಂದ ಕೆಲವರು ಸೈಂಧವ ಲವಣ ಹುಡುಕಿಕೊಂಡು ಹೋಗುತ್ತಾರೆ. ‘ಏನೂ ಬೆರೆಸದ ಹರಳುಪ್ಪು’ ಎಂದು ಬರೆಯಲೇ? ಅಳತೆಯಲ್ಲಿ ‘ಚಮಚ’ವನ್ನು ಪೂರ್ತಿ ಬಿಟ್ಟೆ. ಟೀ ಚಮಚಕ್ಕೂ ಊಟದ ದೊಡ್ಡ ಚಮಚಕ್ಕೂ ಮೂರು ಪಟ್ಟು ವ್ಯತ್ಯಾಸ. ಲೀಟರಿಗೆ 2 ಗ್ರಾಂ; ಅಂದರೆ 45 ಲೀಟರ್ ನೀರಿಗೆ 90 ಗ್ರಾಂ. ಬಕೆಟ್‌ನಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಸುರಿಯಬೇಕು. ಜೊತೆಗೆ ಕಾಲುಭಾಗ ನೀರು ಬದಲಿಸಿ, ತಳದ ಕಸ ಹೀರಿ ತೆಗೆದು, ಗಾಳಿಯ ಪಂಪನ್ನು ಜೋರಾಗಿಟ್ಟು, ನೀರನ್ನು ಮೀನು ತಾಳುವಷ್ಟು ತಂಪಾಗಿಡಬೇಕು.

ಒಂದು ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ: ‘ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ತೊಟ್ಟಿಗೆ ಪುಡಿ ಮಾಡಿ ಹಾಕಬೇಡಿ, ಪಶುವೈದ್ಯರನ್ನು ಕೇಳಿ.’ ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿಕೊಂಡು ತನ್ನ ಕಸುವು ಕಳೆದುಕೊಳ್ಳುತ್ತದೆ. ಮೀನಿಗೆ ಗುಣವೂ ಆಗುವುದಿಲ್ಲ, ಬ್ಯಾಕ್ಟೀರಿಯ ಆ ಔಷಧಿಗೆ ಒಗ್ಗಿಕೊಳ್ಳಲು ದಾರಿಯೂ ಆಗುತ್ತದೆ. ‘ಗಡಸು ನೀರು’ ಎಲ್ಲರಿಗೂ ತಿಳಿಯುತ್ತದೆಯೋ, ‘ಸವಳು ನೀರು’ ಎನ್ನಬೇಕೋ? ಸವಳು ಎಂದರೆ ಉಪ್ಪಿನ ರುಚಿ ಎಂದಾಗಿಬಿಡುತ್ತದೆ ಎಂಬ ಹೆದರಿಕೆಯಿಂದ ಗಡಸನ್ನೇ ಉಳಿಸಿಕೊಂಡಿದ್ದೇನೆ.

ಕರಪತ್ರ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ರೋಗದ ಹೆಸರಿನ ಜಾಗವನ್ನು ಸದ್ಯ ಖಾಲಿ ಬಿಟ್ಟಿದ್ದೇನೆ. ಕರಾವಳಿಯವರು, ತುಂಗಭದ್ರಾ, ಕಾವೇರಿ ದಡದವರು, ಕೆರೆಗಳಲ್ಲಿ ಮೀನುಮರಿ ಬಿಟ್ಟು ಸಾಕುವವರ ಒಡನಾಟ ಇರುವವರು, ಮೀನಿನ ಬಾಯಿ ಬೆಳ್ಳಗಾಗಿ ಕೊಳೆಯುವ ಈ ರೋಗಕ್ಕೆ ಆ ಜನ ಏನೆನ್ನುತ್ತಾರೆ ಎಂದು ಕೇಳಿದ್ದರೆ ದಯವಿಟ್ಟು ತಿಳಿಸಿ. ಅವರಲ್ಲಿ ಹೆಸರೊಂದು ಈಗಾಗಲೇ ಇದ್ದರೆ ನನ್ನ ‘ಬಾಯಿಹತ್ತಿ’ಯನ್ನು ಬಿಟ್ಟು ಅದನ್ನೇ ಹಾಕುತ್ತೇನೆ.