ಓದಿ ಹೋಗಲೇ, ನೋಡಿ ಬಂದು ಓದಲೇ?

ಮೈಸೂರಿನಿಂದ ಪ್ರಶ್ನೆ

ಮುಂದಿನ ಭಾನುವಾರ ನಮ್ಮೂರಿನ ಸಿನಿಮಾಸಕ್ತರು ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ತೋರಿಸುತ್ತಿದ್ದಾರೆ. ನಾನು ಆ ಸಿನಿಮಾ ನೋಡಿಲ್ಲ, ಅದಕ್ಕೆ ಆಧಾರವಾದ ಅನಂತಮೂರ್ತಿಯವರ ಕಥೆಯನ್ನೂ ಓದಿಲ್ಲ. ಕಥೆಗಳ ಸಂಪುಟ ಮನೆಯಲ್ಲೇ ಇದೆ, ಮನಸ್ಸು ಮಾಡಿದರೆ ಒಂದೇ ರಾತ್ರಿಯಲ್ಲಿ ಓದಬಹುದು. ಯಾವುದನ್ನು ಮೊದಲು ಮಾಡಿದರೂ ಇನ್ನೊಂದರ ಹೊಸತನ ಸ್ವಲ್ಪ ಕರಗುತ್ತದೆ, ಅದು ಮತ್ತೆ ಸಿಗುವುದಿಲ್ಲ. ನಿಮಗೆ ಹೇಗಾಯಿತು ತಿಳಿಸಿ. ಕಥೆಯ ಕೊನೆಯನ್ನು ಮಾತ್ರ ಹೇಳಬೇಡಿ.

ಚಿತ್ರದುರ್ಗದಿಂದ

ನಮ್ಮೂರಿನವರಿಗೆ ಈ ಆಯ್ಕೆಯೇ ಇರುವುದಿಲ್ಲ. ಅಕ್ಷರ ಕಲಿಯುವ ಮೊದಲೇ ‘ನಾಗರಹಾವು’ ನೋಡಿರುತ್ತೇವೆ. ತರಾಸು ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ಆ ಸಿನಿಮಾ ಮಾಡಿದರೆಂದು ನನಗೆ ತಿಳಿದದ್ದು ಕಾಲೇಜಿಗೆ ಸೇರಿದ ಮೇಲೆ. ಓದಲು ಕುಳಿತರೆ ರಾಮಾಚಾರಿ ಎಂದ ಕೂಡಲೇ ವಿಷ್ಣುವರ್ಧನ್ ಮುಖ, ಚಾಮಯ್ಯ ಮೇಷ್ಟ್ರು ಬಾಯಿ ತೆರೆದರೆ ಅಶ್ವತ್ಥ್ ಅವರ ದನಿ. ತರಾಸು ಬರೆದ ರಾಮಾಚಾರಿಯನ್ನು ಕಾಣಲು ನಾನು ಪುಟಪುಟಕ್ಕೂ ಹೆಣಗಬೇಕಾಯಿತು, ಇಂದಿಗೂ ಪೂರ್ತಿ ಕಂಡಿಲ್ಲ. ಸಿನಿಮಾದ ಮೇಲೆ ನನಗೆ ಪ್ರೀತಿ ಇದೆ. ಆದರೂ ಆ ಮುಖವನ್ನು ಕಲ್ಪಿಸಿಕೊಳ್ಳುವ ಅವಕಾಶ ನನಗೆ ಸಿಗಲಿಲ್ಲವಲ್ಲ ಎಂಬ ಕೊರಗು ಹೋಗಿಲ್ಲ. ಮೊದಲು ಓದಿ.

ಧಾರವಾಡದಿಂದ

ನಾನು ಓದಿ ಹೋಗಿ ಕೆಟ್ಟವನು. ಭೈರಪ್ಪನವರ ‘ವಂಶವೃಕ್ಷ’ವನ್ನು ಎರಡು ಸಲ ಓದಿದ ಮೇಲೆ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರು ಸೇರಿ ನಿರ್ದೇಶಿಸಿದ ಸಿನಿಮಾ ನೋಡಿದೆ. ನೋಡಿದೆ ಎನ್ನುವುದಕ್ಕಿಂತ ಲೆಕ್ಕ ತಪಾಸಣೆ ಮಾಡಿದೆ ಎನ್ನಬೇಕು. ಆ ಮಾತು ಎಲ್ಲಿ ಹೋಯಿತು, ಈ ಪ್ರಸಂಗ ಯಾವಾಗ ಬರುತ್ತದೆ ಎಂದು ಕಾಯುತ್ತಲೇ ಸಿನಿಮಾ ಮುಗಿಯಿತು. ಎಲ್.ವಿ. ಶಾರದಾ ಅವರ ಕಾತ್ಯಾಯನಿ ಎಷ್ಟು ಒಳ್ಳೆಯ ಪಾತ್ರವೆಂದು ಗೊತ್ತಾದದ್ದು ವರ್ಷಗಳ ನಂತರ, ಕಾದಂಬರಿಯ ವಿವರಗಳು ಮಾಸಿದ ಮೇಲೆ ಮತ್ತೊಮ್ಮೆ ನೋಡಿದಾಗ. ಓದಲೇಬೇಕೆಂದರೆ ಈ ವಾರ ಓದಬೇಡಿ. ಓದಿಗೂ ನೋಟಕ್ಕೂ ನಡುವೆ ಒಂದು ಮಳೆಗಾಲವಾದರೂ ಕಳೆಯಬೇಕು.

ಸಾಗರದಿಂದ

ನನ್ನ ಅನುಭವ ಸ್ವಲ್ಪ ಬೇರೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಲ್ಲಿ ನನ್ನ ಅಜ್ಜನ ಊರೂ ಒಂದು. ಮನೆಯಲ್ಲಿ ಆ ಮಾತು ಬಂದರೆ ಹಿರಿಯರು ಎದ್ದು ಹೋಗುತ್ತಿದ್ದರು. ಹಾಗಾಗಿ ನಾ. ಡಿಸೋಜರ ‘ದ್ವೀಪ’ ನಮ್ಮ ಕಪಾಟಿನಲ್ಲಿದ್ದರೂ ನಾನು ಮುಟ್ಟಿರಲಿಲ್ಲ. ಕಾಸರವಳ್ಳಿಯವರ ಸಿನಿಮಾವನ್ನೇ ಮೊದಲು ನೋಡಿದೆ, ಅಮ್ಮನ ಜೊತೆ. ಸೌಂದರ್ಯ ಅವರ ನಾಗಿ, ಎಡೆಬಿಡದ ಮಳೆ, ಏರುತ್ತಲೇ ಬರುವ ನೀರು. ರಾಮಚಂದ್ರ ಹಲ್ಕೆರೆಯವರ ಕ್ಯಾಮೆರಾ ಆ ಮಳೆಯನ್ನು ನಮ್ಮ ಮೈಮೇಲೆಯೇ ಸುರಿಸಿದಂತಿತ್ತು. ಅರ್ಧದಲ್ಲಿ ಅಮ್ಮ, ‘ನೀರು ಬರುವಾಗ ಸದ್ದು ಮಾಡುವುದಿಲ್ಲ, ಅದೇ ಹೆದರಿಕೆ’ ಎಂದರು. ಅಷ್ಟು ವರ್ಷಗಳಲ್ಲಿ ಆ ಮುಳುಗಡೆಯ ಬಗ್ಗೆ ಅವರು ನನ್ನೆದುರು ಆಡಿದ ಮೊದಲ ಮಾತು ಅದು.

ಮರುದಿನವೇ ಕಾದಂಬರಿ ತೆಗೆದೆ. ಮಳೆಯನ್ನೂ ಗುಡ್ಡವನ್ನೂ ಕಣ್ಣಿಗೆ ತಂದುಕೊಳ್ಳುವ ಶ್ರಮ ಆಗಲೇ ಮುಗಿದಿತ್ತು. ಆದ್ದರಿಂದ ಆ ಜನರ ಮನಸ್ಸಿನೊಳಗಿನ ಭಯ, ಲೆಕ್ಕಾಚಾರ, ಹಟ ಇವುಗಳ ಕಡೆಗೇ ಗಮನವಿಟ್ಟು ಓದಿದೆ. ಮೊದಲೇ ಓದಿದ್ದರೆ ಅಮ್ಮನ ಆ ಮಾತು ನನಗೆ ಸಿಗುತ್ತಿರಲಿಲ್ಲ, ಏಕೆಂದರೆ ನಾನು ಒಬ್ಬನೇ ಓದಿ ಮುಗಿಸಿ ಸುಮ್ಮನಿರುತ್ತಿದ್ದೆ. ಯಾರ ಜೊತೆ ಹೋಗುತ್ತಿದ್ದೀರಿ ಎಂಬುದನ್ನೂ ಯೋಚಿಸಿ.

ದುಬೈನಿಂದ

ಸಿನಿಮಾ ಮೊದಲು ನೋಡುವುದರಲ್ಲಿ ಒಂದು ಅಪಾಯವಿದೆ. ಕಾರ್ನಾಡರ ‘ಕಾನೂರು ಹೆಗ್ಗಡಿತಿ’ ನೋಡಿ, ಕಥೆ ಗೊತ್ತಾಯಿತಲ್ಲ ಎಂದು ಕುವೆಂಪು ಅವರ ಕಾದಂಬರಿಯನ್ನು ಎಂಟು ವರ್ಷ ತೆರೆಯಲಿಲ್ಲ. ಇಲ್ಲಿಗೆ ಬಂದ ಮೇಲೆ, ಊರಿನ ಹಂಬಲ ತಡೆಯಲಾರದೆ ತೆರೆದೆ. ನನಗೆ ಗೊತ್ತಿದ್ದದ್ದು ಕಥೆಯ ಎಳೆ ಮಾತ್ರ. ಆ ಕಾಡು, ಆ ಗದ್ದೆ, ಆಳುಗಳ ಬಿಡಾರ, ಸಾಲಾಗಿ ಬರುವ ಸಣ್ಣಪುಟ್ಟ ಜೀವಗಳು, ಯಾವುದೂ ಗೊತ್ತಿರಲಿಲ್ಲ. ನೋಡಿ ಬಂದ ವಾರದಲ್ಲೇ ಓದುತ್ತೇನೆಂದು ಮಾತು ಕೊಡುವುದಾದರೆ ಮಾತ್ರ ಮೊದಲು ನೋಡಿ.

ತೀರ್ಥಹಳ್ಳಿಯಿಂದ

ಮೇಲಿನವೆಲ್ಲ ಕಾದಂಬರಿಗಳು. ನೀವು ಕೇಳಿದ್ದು ಸಣ್ಣಕಥೆಯ ವಿಷಯ, ಅದೂ ‘ಘಟಶ್ರಾದ್ಧ’. ಇದಕ್ಕೆ ನನ್ನ ಉತ್ತರ ಸ್ಪಷ್ಟ: ಓದದೆ ಹೋಗಿ. ಉಡುಪರ ವೇದಪಾಠಶಾಲೆಗೆ ಓದಲು ಬಂದ ನಾಣಿ ಇನ್ನೂ ಚಿಕ್ಕವನು. ಉಡುಪರ ವಿಧವೆ ಮಗಳು ಯಮುನಕ್ಕನೇ ಅವನಿಗೆ ಅಲ್ಲಿ ಆಸರೆ. ಸುತ್ತ ನಡೆಯುವುದು ಅವನಿಗೆ ಅರೆಬರೆ ಅರ್ಥವಾಗುತ್ತದೆ. ನೀವೂ ಅವನಂತೆಯೇ ಏನೂ ತಿಳಿಯದೆ ಕುಳಿತರೆ, ಅವನ ಜೊತೆಜೊತೆಗೇ ಒಂದೊಂದಾಗಿ ತಿಳಿಯುತ್ತಾ ಹೋಗುತ್ತೀರಿ. ಓದಿ ಹೋದರೆ ಆ ಹುಡುಗನನ್ನು ಮೇಲಿನಿಂದ ನೋಡುವ ದೊಡ್ಡವರಾಗಿಬಿಡುತ್ತೀರಿ. ನಾನು ಹಾಗೆ ಆದವಳು, ಅದಕ್ಕೇ ಹೇಳುತ್ತಿದ್ದೇನೆ. ‘ಘಟಶ್ರಾದ್ಧ’ ಎಂಬ ಪದದ ಅರ್ಥ ಗೊತ್ತಿಲ್ಲದಿದ್ದರೆ ನಿಘಂಟನ್ನೂ ತೆರೆಯಬೇಡಿ.

ಇನ್ನೊಂದು ಮಾತು. ಇದು 1977ರ ಕಪ್ಪು ಬಿಳುಪು ಚಿತ್ರ, ಕಾಸರವಳ್ಳಿಯವರ ಮೊದಲ ಕಥಾಚಿತ್ರ, ಆ ಮೊದಲ ಚಿತ್ರಕ್ಕೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂತು. ನಾನು ನೋಡಿದ್ದು ಗೀರು ಬಿದ್ದ, ಮಸುಕಾದ ಪ್ರತಿ. ರಾತ್ರಿಯ ದೃಶ್ಯಗಳಲ್ಲಿ ಯಾರು ಎಲ್ಲಿದ್ದಾರೆಂದೇ ತಿಳಿಯಲಿಲ್ಲ. ಈಗ ಅದನ್ನು ಶುಚಿಗೊಳಿಸಿ ಹೊಸ ಪ್ರತಿ ಮಾಡಿದ್ದಾರೆ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಿಮ್ಮೂರಿಗೆ ಬರುತ್ತಿರುವುದು ಅದೇ ಪ್ರತಿಯೇ ಎಂದು ಕೇಳಿ. ಹೌದಾದರೆ ತಿಳಿಸಿ, ನಾನೂ ಬಸ್ಸು ಹತ್ತುತ್ತೇನೆ.

ಮೈಸೂರಿನಿಂದ, ಮತ್ತೆ

ಹೊಸ ಪ್ರತಿಯೇ ಅಂತೆ. ಬನ್ನಿ, ಭಾನುವಾರ ಸಂಜೆ ಐದು ಗಂಟೆಗೆ. ಸಂಪುಟ ಹುಡುಕಿದರೆ ಕಪಾಟಿನಲ್ಲಿ ಇರಲಿಲ್ಲ. ಪಿಯುಸಿ ಓದುವ ಮಗಳ ದಿಂಬಿನ ಕೆಳಗೆ ಸಿಕ್ಕಿತು. ಅವಳು ನಿನ್ನೆ ರಾತ್ರಿಯೇ ಕಥೆ ಓದಿ ಮುಗಿಸಿದ್ದಾಳೆ, ಬೆಳಿಗ್ಗೆಯಿಂದ ಹೆಚ್ಚು ಮಾತನಾಡುತ್ತಿಲ್ಲ. ಏನೂ ಹೇಳಬೇಡ ಎಂದಿದ್ದೇನೆ. ಭಾನುವಾರ ನಾವಿಬ್ಬರೂ ಪಕ್ಕಪಕ್ಕದಲ್ಲಿ ಕುಳಿತಿರುತ್ತೇವೆ, ಅವಳು ಓದಿ, ನಾನು ಓದದೆ.