ಸೂರ್ಯಕಾಂತಿಯದು ಹೂವೋ, ತೆನೆಯೋ?

ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಕೈತೋಟ ಮಾಡುವ ಕೆಲವರು ಕೇಳಿಕೊಂಡಿದ್ದರಿಂದ, ಮನೆಯಂಗಳದಲ್ಲಿ ಸೂರ್ಯಕಾಂತಿ ಬೆಳೆಸುವ ಕುರಿತು ನಾಲ್ಕು ಪುಟಗಳ ಕಿರುಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಬಿತ್ತನೆಯ ಭಾಗ ಸಲೀಸಾಗಿ ಮುಗಿಯಿತು. ತಾಯಿಬೇರು ಆಳಕ್ಕಿಳಿಯುವ ಗಿಡವಾದ್ದರಿಂದ ಕಿತ್ತು ನೆಡುವುದಕ್ಕಿಂತ ಇರುವ ಜಾಗದಲ್ಲೇ ಬೀಜ ಊರುವುದು ಒಳ್ಳೆಯದು, ಗಿಡದಿಂದ ಗಿಡಕ್ಕೆ ಒಂದು ಅಡಿ ಬಿಡಬೇಕು, ದಿನಕ್ಕೆ ಆರು ಗಂಟೆಗೆ ಕಡಿಮೆಯಿಲ್ಲದಂತೆ ಬಿಸಿಲು ಬೀಳಬೇಕು ಎಂಬಷ್ಟನ್ನು ಬರೆದು ಮುಂದೆ ಹೋದೆ. ಆದರೆ ಗಿಡದ ತುದಿಯಲ್ಲಿ ಅರಳುವ ಆ ಅಗಲವಾದ ಹಳದಿ ತಟ್ಟೆಯನ್ನು ಏನೆಂದು ಕರೆಯಬೇಕು ಎಂಬಲ್ಲಿಗೆ ಬಂದಾಗ ಬರಹ ನಿಂತಿತು. ‘ಹೂ’ ಎಂದು ಬರೆದು ಹೊಡೆದುಹಾಕಿದೆ. ‘ತೆನೆ’ ಎಂದು ಬರೆದು, ಪೇಟೆಯ ಓದುಗರಿಗೆ ತಿಳಿದೀತೇ ಎಂದು ಅನುಮಾನಿಸಿದೆ. ಈ ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಅನುಮಾನ ಹುಟ್ಟಿದ್ದು ಮನೆಯಲ್ಲೇ. ಕಳೆದ ವರ್ಷ ನಮ್ಮ ಅಂಗಳದಲ್ಲಿ ಒಂದೇ ಒಂದು ಸೂರ್ಯಕಾಂತಿ ಗಿಡ ಆಳೆತ್ತರ ಬೆಳೆದು, ತಟ್ಟೆಯಗಲ ಅರಳಿ, ಬಾಗಿಲಿಗೆ ಬಂದವರೆಲ್ಲ ನಿಂತು ನೋಡುವಂತಿತ್ತು. ಒಣಗಿದ ಮೇಲೆ ಬಿಡಿಸಿ ನೋಡಿದರೆ ಬೀಜಗಳೆಲ್ಲ ಬರೀ ಸಿಪ್ಪೆ. ಚಳ್ಳಕೆರೆಯ ಹತ್ತಿರದ ಹಳ್ಳಿಯಲ್ಲಿ ಬಹುಕಾಲ ಬೇಸಾಯ ಮಾಡಿದ ನಮ್ಮ ಸೋದರತ್ತೆ ಆಗ ಮನೆಗೆ ಬಂದಿದ್ದರು. “ಹೂ ಚೆನ್ನಾಗಿಯೇ ಬಂದಿತ್ತು ಅತ್ತೆ, ಬೀಜ ಯಾಕೋ ಆಗಲಿಲ್ಲ” ಎಂದೆ. ಅವರು ಅದನ್ನು ಕೈಗೆ ತೆಗೆದುಕೊಂಡು, ನಾಲ್ಕು ಕಾಳನ್ನು ಬೆರಳ ನಡುವೆ ಒತ್ತಿ ನೋಡಿ, “ಅದು ಹೂವಲ್ಲ ಕಣಪ್ಪ, ತೆನೆ. ತೆನೆ ಜೊಳ್ಳಾಗೈತೆ. ಒಂಟಿ ಗಿಡ ಹಾಕಿದ್ರೆ ಇನ್ನೇನಾಗ್ತದೆ?” ಎಂದರು. ನಾನು ಹೂವೆಂದು ಕಂಡಿದ್ದನ್ನು ಅವರು ತೆನೆಯೆಂದು ಕಂಡಿದ್ದರು. ಕಾಳು ಏಕೆ ಕಟ್ಟಲಿಲ್ಲ ಎಂಬುದಕ್ಕೆ ಉತ್ತರವೂ ಆ ಪದದ ಜೊತೆಯಲ್ಲೇ ಬಂದಿತು.

ಸಸ್ಯಶಾಸ್ತ್ರ ಹೇಳುವುದೂ ಅತ್ತೆಯ ಮಾತಿಗೆ ಹತ್ತಿರವಾಗಿಯೇ ಇದೆ. ನಾವು ಒಂದು ಹೂವೆಂದು ಭಾವಿಸುವುದು ನೂರಾರು, ದೊಡ್ಡದಾದರೆ ಸಾವಿರಕ್ಕೂ ಹೆಚ್ಚು ಕಿರುಹೂಗಳ ಗುಂಪು. ಅಂಚಿನಲ್ಲಿ ಎಸಳಿನಂತೆ ಕಾಣುವ ಪ್ರತಿಯೊಂದು ಹಳದಿ ಪಟ್ಟಿಯೂ ಒಂದೊಂದು ಹೂವೇ ಆಗಿದ್ದು, ಅವು ಕಾಳು ಕಟ್ಟುವುದಿಲ್ಲ. ದುಂಬಿ, ಜೇನುಗಳನ್ನು ಸೆಳೆಯುವುದಷ್ಟೇ ಅವುಗಳ ಕೆಲಸ. ಕಾಳಾಗುವುದು ನಡುವಿನ ಸಣ್ಣ ಕೊಳವೆಯಂತಹ ಹೂಗಳು. ಅವು ಹೊರಸುತ್ತಿನಿಂದ ಒಳಸುತ್ತಿಗೆ, ದಿನಕ್ಕೆ ಕೆಲವು ಸುತ್ತುಗಳಂತೆ ವಾರದುದ್ದಕ್ಕೂ ಅರಳುತ್ತ ಹೋಗುತ್ತವೆ. ಪಠ್ಯಪುಸ್ತಕಗಳು ಇಂತಹ ಗುಂಪಿಗೆ ‘ಪುಷ್ಪಮಂಜರಿ’ ಎನ್ನುತ್ತವೆ. ಆ ಪದದಲ್ಲಿ ತಪ್ಪಿಲ್ಲ, ಆದರೆ ಹಿತ್ತಲಲ್ಲಿ ನಿಂತು ಯಾರೂ ಅದನ್ನು ಆಡುವುದಿಲ್ಲ. ಹಲವು ಕಾಳುಗಳು ಒಂದೇ ತುದಿಯಲ್ಲಿ ಒತ್ತಾಗಿ ಕೂಡಿರುವುದಕ್ಕೆ ಕನ್ನಡದಲ್ಲಿ ಮೊದಲಿನಿಂದಲೂ ಇರುವ ಪದ ‘ತೆನೆ’.

ಇಲ್ಲಿ ಗಮನಿಸಬೇಕಾದದ್ದು ಕಾಲದ ಲೆಕ್ಕ. ಸೂರ್ಯಕಾಂತಿ ಉತ್ತರ ಅಮೆರಿಕ ಮೂಲದ ಗಿಡ. ಎಣ್ಣೆಕಾಳಿನ ಬೆಳೆಯಾಗಿ ಅದು ನಮ್ಮ ದೇಶಕ್ಕೆ ಬಂದದ್ದು 1969ರಲ್ಲಿ, ಆಗಿನ ಸೋವಿಯತ್ ಒಕ್ಕೂಟದ ತಳಿಗಳ ಮೂಲಕ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಆದ ಬಿ.ಎಸ್.ಎಚ್.-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಹೊರಬಂದದ್ದು 1980ರಲ್ಲಿ. ಅಂದರೆ ಅತ್ತೆಯವರ ಪೀಳಿಗೆಯ ರೈತರ ಕಣ್ಣೆದುರಿಗೇ ಈ ಬೆಳೆ ಹೊಲಕ್ಕೆ ಬಂದಿದೆ. ಜೋಳ, ನವಣೆ, ಸಜ್ಜೆ, ರಾಗಿಗಳಿಗೆ ಆಡುತ್ತಿದ್ದ ಪದವನ್ನು ಅವರು ಈ ಹೊಸ ಬೆಳೆಗೂ ಕೊಟ್ಟರು. ದಾವಣಗೆರೆಯ ಸುತ್ತ ಇಂದು ಹೊಲ ತುಂಬಿರುವ ಮೆಕ್ಕೆಜೋಳಕ್ಕೂ ಹಾಗೆಯೇ ಕೊಟ್ಟಿದ್ದಾರೆ. ಅದೇ ರೈತರು ಸೇವಂತಿಯನ್ನೂ ಚೆಂಡುಹೂವನ್ನೂ ‘ಹೂ’ ಎಂದೇ ಕರೆಯುತ್ತಾರೆ. ಅವೂ ಸೂರ್ಯಕಾಂತಿಯ ಕುಟುಂಬದವೇ, ಅವೂ ಕಿರುಹೂಗಳ ಗುಂಪುಗಳೇ. ಆದರೆ ಅವುಗಳಿಂದ ನಾವು ಕಾಳು ಬಯಸುವುದಿಲ್ಲ. ಹಾಗಾಗಿ ತೆನೆ ಎಂಬುದು ರೂಪವನ್ನು ಮಾತ್ರವಲ್ಲದೆ ಬಳಕೆಯನ್ನೂ ನೋಡಿ ಕೊಟ್ಟ ಹೆಸರು ಎಂದು ನನಗೆ ತೋರುತ್ತದೆ. ‘ತೆನೆ’ಗೆ ಕೋಟೆಗೋಡೆಯ ಮೇಲಣ ಸಾಲುಹಲ್ಲಿನಂತಹ ಕಟ್ಟಡ ಎಂಬ ಅರ್ಥವೂ ಉಂಟೆಂಬುದು ಚಿತ್ರದುರ್ಗದವರಿಗೆ ಹೇಳಬೇಕಾಗಿಲ್ಲ, ಆ ಅರ್ಥಕ್ಕೂ ಪೈರಿನ ತೆನೆಗೂ ನಂಟಿದೆಯೇ ಎಂಬುದನ್ನು ಬಲ್ಲವರು ವಿವರಿಸಿದರೆ ಸಂತೋಷ.

ಎರಡನೆಯ ಪದ ‘ಜೊಳ್ಳು’. ನನ್ನ ಕರಡನ್ನು ಓದಿದ ಗೆಳೆಯರೊಬ್ಬರು ಇದನ್ನು ‘ಟೊಳ್ಳು’ ಎಂದು ತಿದ್ದಿದರು, ಇನ್ನೊಬ್ಬರು ‘ಪೊಳ್ಳು’ ಎಂದರು. ನನ್ನ ಕಿವಿಗೆ ಮೂರೂ ಒಂದೇ ಅಲ್ಲ. ಟೊಳ್ಳು ಮರದ ಬೊಡ್ಡೆಗೆ, ಬಿದಿರಿಗೆ ಸಲ್ಲುವ ಮಾತು: ಒಳಗೆ ಬಯಲಿರುವುದು. ಪೊಳ್ಳು ಈಗ ಹೆಚ್ಚಾಗಿ ಮಾತಿಗೆ, ಭರವಸೆಗೆ ಅಂಟಿಕೊಂಡಿದೆ. ‘ಪಾಲು’ ‘ಹಾಲು’ ಆದ ಮೇಲೂ ಇದು ತನ್ನ ಪಕಾರವನ್ನು ಬಿಡದೆ ಉಳಿದಿದೆ. ತುಂಬಬೇಕಾಗಿದ್ದ ಕಾಳು ತುಂಬದೆ ಹೋದದ್ದು ಮಾತ್ರ ಜೊಳ್ಳು. ತೂರುವಾಗ ಗಾಳಿಗೆ ಹಾರುವುದು ಅದೇ.

ಈ ವ್ಯತ್ಯಾಸವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಜೊಳ್ಳು ಎಂದ ಕೂಡಲೇ ‘ಯಾವುದರಿಂದ ತುಂಬಲಿಲ್ಲ?’ ಎಂಬ ಪ್ರಶ್ನೆ ಏಳುತ್ತದೆ. ತೆನೆಯ ನಡುಭಾಗ ಮಾತ್ರ ಜೊಳ್ಳಾಗಿದ್ದರೆ ಗಾಬರಿಯಾಗಬೇಕಿಲ್ಲ; ಕೊನೆಗೆ ಅರಳುವ ಆ ಹೂಗಳಿಗೆ ನೀರು, ಗೊಬ್ಬರ ಸಾಲದೆ ಹೋಗುವುದು ಸಾಮಾನ್ಯ. ಇಡೀ ತೆನೆ ಜೊಳ್ಳಾಗಿದ್ದರೆ ಪರಾಗಸ್ಪರ್ಶ ಆಗಿಲ್ಲವೆಂದು ತಿಳಿಯಬೇಕು. ಸೂರ್ಯಕಾಂತಿಯ ಎಷ್ಟೋ ತಳಿಗಳಲ್ಲಿ ತನ್ನದೇ ಪರಾಗದಿಂದ ಕಾಳು ಸರಿಯಾಗಿ ಕಟ್ಟುವುದಿಲ್ಲ, ಬೇರೆ ಗಿಡದ್ದು ಬೇಕು. ಹೊಸ ಹೈಬ್ರಿಡ್‌ಗಳಲ್ಲಿ ಈ ತೊಡಕು ಕಡಿಮೆ. ಹೂದಾನಿಗೆಂದೇ ಮಾರುವ ಕೆಲವು ತಳಿಗಳಲ್ಲಂತೂ ಪರಾಗವೇ ಇರುವುದಿಲ್ಲ. ಆದ್ದರಿಂದ ಐದಾರು ಗಿಡಗಳನ್ನು ಒಟ್ಟಿಗೆ ಬೆಳೆಸಬೇಕು, ಅರಳಿರುವಾಗ ಕೀಟನಾಶಕ ಸಿಂಪಡಿಸಿ ಜೇನುಗಳನ್ನು ಕಳೆದುಕೊಳ್ಳಬಾರದು. ಜೇನು ಬಾರದ ಕಡೆ, ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ, ದಿನ ಬಿಟ್ಟು ದಿನ, ಮೆತ್ತನೆಯ ಬಟ್ಟೆಯಿಂದ ಒಂದು ತೆನೆಯನ್ನು ಸವರಿ ಅದೇ ಬಟ್ಟೆಯಿಂದ ಇನ್ನೊಂದನ್ನು ಸವರಬೇಕು. ಅಂಚಿನ ಹಳದಿ ಹೂಗಳು ಬಿಚ್ಚುವಾಗ ಲೀಟರ್ ನೀರಿಗೆ 2 ಗ್ರಾಂ ಬೊರಾಕ್ಸ್ ಕರಗಿಸಿ ತೆನೆಗೆ ಸಿಂಪಡಿಸುವುದೂ ಕಾಳು ಕಟ್ಟಲು ನೆರವಾಗುತ್ತದೆ.

ಮೂರನೆಯದು ‘ಬಾಗು’ ಮತ್ತು ‘ಬಾಡು’. ನನ್ನನ್ನು ಅತಿ ಹೆಚ್ಚು ಮಂದಿ ಕೇಳಿರುವುದು “ಹೂ ಬಾಡಿ ಕತ್ತು ಹಾಕಿದೆ, ನೀರು ಎಷ್ಟು ಹಾಕಿದರೂ ಏಳುತ್ತಿಲ್ಲ” ಎಂದು. ಹೋಗಿ ನೋಡಿದರೆ ಎಲೆಗಳು ಸೆಟೆದು ಹಸಿರಾಗಿರುತ್ತವೆ, ಕಾಳಿನ ಭಾರಕ್ಕೆ ತೆನೆ ಬಾಗಿರುತ್ತದೆ. ಅದನ್ನು ತೆನೆಯೆಂದು ಕರೆದಿದ್ದರೆ ಈ ಚಿಂತೆ ಹುಟ್ಟುತ್ತಲೇ ಇರಲಿಲ್ಲ, ಏಕೆಂದರೆ ತುಂಬಿದ ತೆನೆ ಬಾಗುತ್ತದೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಂತಹ ಗಿಡಕ್ಕೆ ನೀರು ಸುರಿದರೆ ಬೇರು ಕೊಳೆಯುತ್ತದೆ. ನಡುಹಗಲಿನ ಬಿಸಿಲಿಗೆ ಎಲೆ ಜೋತುಬಿದ್ದು ಸಂಜೆಗೆ ಎದ್ದರೆ ಅದು ಬಾಡಿದ್ದು, ನೀರು ಬೇಕು. ಬೆಳಿಗ್ಗೆಯೂ ಏಳದೆ, ಬುಡದಿಂದಲೇ ಇಡೀ ಗಿಡ ಕುಗ್ಗಿದ್ದರೆ ಅದು ಸೊರಗಿದ್ದು. ಬುಡದ ಮಣ್ಣು ಕೆದಕಿ ಕೊಳೆತ ನೋಡಬೇಕು, ಕಿತ್ತು ದೂರ ಹಾಕಬೇಕು. ಬಾಗಿದ ತೆನೆಯ ಹಿಂಬದಿ ನಿಂಬೆಹಳದಿಗೆ ತಿರುಗುವವರೆಗೆ ಕಾಯಬೇಕು, ಅಷ್ಟರಲ್ಲಿ ಗಿಳಿಗಳಿಗೆ ಸಿಗದಂತೆ ತೆಳುಬಟ್ಟೆ ಕಟ್ಟಬೇಕು.

ಗಿಡದ ಹೆಸರಿನ ಬಗ್ಗೆಯೂ ಒಂದು ಮಾತು. ಉತ್ತರ ಕರ್ನಾಟಕದ ಕಡೆ ‘ಸೂರ್ಯಪಾನ’ ಎನ್ನುವುದುಂಟು. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ತೆಲುಗರ ಬಾಯಲ್ಲಿ ಅದು ‘ಪೊದ್ದುತಿರುಗುಡು’. ಪೊದ್ದು ನಮ್ಮ ‘ಹೊತ್ತು’ವೇ, ಹೊತ್ತಿನ ಜೊತೆ ತಿರುಗುವುದು ಎಂಬುದು ಎಷ್ಟು ಚೆಲುವಾದ ಹೆಸರು! ಆದರೆ ಹಾಗೆ ತಿರುಗುವುದು ಎಳೆಯ ಗಿಡ ಮತ್ತು ಮೊಗ್ಗು ಮಾತ್ರ. ಅರಳಿದ ಮೇಲೆ ತೆನೆ ಮೂಡಣಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ‘ತಿರುಗುತ್ತಿಲ್ಲ, ಏನೋ ರೋಗ’ ಎನ್ನುವವರಿಗೆ ಇಷ್ಟನ್ನು ತಿಳಿಸಿದರೆ ಸಾಕು.

ನನ್ನ ಬರಹದಲ್ಲಿ ಅರಳುವವರೆಗೆ ‘ಮೊಗ್ಗು’, ಅರಳಿದ ಮೇಲೆ ‘ತೆನೆ’ ಎಂದು ಬಳಸಿ, ಬಿಡಿಬಿಡಿಯಾದವಕ್ಕೆ ಮಾತ್ರ ‘ಹೂ’ ಎಂದು ಉಳಿಸಿಕೊಳ್ಳಬೇಕೆಂದಿದ್ದೇನೆ. ಇದು ಸರಿಯೇ? ಹಿರಿಯೂರು, ಹೊಳಲ್ಕೆರೆ, ಜಗಳೂರು, ಹರಿಹರದ ಕಡೆ ತೆನೆಯಲ್ಲದೆ ಬೇರೆ ಪದ ರೂಢಿಯಲ್ಲಿದೆಯೇ? ಇದೇ ಕುಟುಂಬದ ಕುಸುಬೆ ಮತ್ತು ಹುಚ್ಚೆಳ್ಳಿನ ಕಾಳುಗೂಡಿಗೆ ರೈತರು ಏನೆನ್ನುತ್ತಾರೆ? ಅವಕ್ಕೂ ತೆನೆ ಎನ್ನುವುದಾದರೆ ನನ್ನ ಊಹೆಗೆ ಬಲ ಬರುತ್ತದೆ. ಎನ್ನದಿದ್ದರೆ ಸೂರ್ಯಕಾಂತಿಗೆ ಮಾತ್ರ ಆ ಪದ ಏಕೆ ಸಂದಿತು ಎಂಬುದನ್ನು ಮತ್ತೆ ಯೋಚಿಸಬೇಕಾಗುತ್ತದೆ.