ಟೊಮೆಟೊ ಸಸಿಗಳು ಬುಡದಲ್ಲೇ ಮುರಿದು ಬೀಳುತ್ತಿವೆ, ರಾಸಾಯನಿಕ ಹಾಕದೆ ಉಳಿಸಬಹುದಾ?

ಚಿಗುರು:
ಎಲ್ಲರಿಗೂ ನಮಸ್ಕಾರ. ಟ್ರೇಯಲ್ಲಿ ಟೊಮೆಟೊ, ಮೆಣಸಿನಕಾಯಿ ಬೀಜ ಹಾಕಿದ್ದೇನೆ. ಟೊಮೆಟೊ ಮೊಳಕೆ ಚೆನ್ನಾಗಿಯೇ ಬಂತು. ಎರಡು ಬೀಜದೆಲೆ ಬಿಚ್ಚಿಕೊಂಡು ನೆಟ್ಟಗೆ ನಿಂತಿದ್ದ ಸಸಿಗಳು ಈಗ ಒಂದೊಂದಾಗಿ ಬೀಳುತ್ತಿವೆ. ಎಲೆ ಇನ್ನೂ ಹಸಿರಾಗಿದೆ, ಹುಳ ತಿಂದ ಗುರುತಿಲ್ಲ. ಬಾಡಿರಬೇಕು ಅಂತ ನೀರು ಹಾಕಿದರೆ ಮರುದಿನ ಪಕ್ಕದವೂ ಮಲಗಿರುತ್ತವೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಅರ್ಧಕ್ಕರ್ಧ ತುಂಬಿದ್ದೇನೆ. ಮೇಲೆ ಪ್ಲಾಸ್ಟಿಕ್ ಮುಚ್ಚಳ, ಜಾಗ ಕಿಟಕಿ ಪಕ್ಕ. ಔಷಧಿ ಹೊಡೆಯಲು ಇಷ್ಟವಿಲ್ಲ. ಏನು ಮಾಡಲಿ?

ಬೀಜದಬುಟ್ಟಿ:
ಬಿದ್ದ ಸಸಿಯೊಂದನ್ನು ಮೆಲ್ಲಗೆ ಎತ್ತಿ, ಕಾಂಡ ಮಣ್ಣಿಗೆ ತಾಗುವ ಜಾಗ ನೋಡಿ ಹೇಳಿ. ಅಲ್ಲಿ ಮಾತ್ರ ಮೆತ್ತಗಾಗಿ ಸಣ್ಣಗಾಗಿದೆಯಾ? ಅಥವಾ ಕಾಂಡ ಪೂರ್ತಿ ಒಂದೇ ಸಮ ಇದ್ದು, ಉದ್ದಕ್ಕೆ ಬೆಳೆದು ವಾಲಿದೆಯಾ? ಎರಡೂ ಬೇರೆ ಬೇರೆ ತೊಂದರೆ.

ಚಿಗುರು:
ಈಗ ನೋಡಿದೆ. ಬುಡದ ಹತ್ತಿರ ಕಂದು ಬಣ್ಣಕ್ಕೆ ತಿರುಗಿ ದಾರದಷ್ಟು ಸಣ್ಣಗಾಗಿದೆ. ಮುಟ್ಟಿದರೆ ಅಲ್ಲೇ ತುಂಡಾಯಿತು. ನಿಂತಿರುವ ಸಸಿಗಳೂ ಉದ್ದವಾಗಿ ಕಿಟಕಿ ಕಡೆ ಬಾಗಿವೆ. ಟ್ರೇ ಮೇಲೆ ಪಾಚಿ ಕಟ್ಟಿದೆ, ಸಣ್ಣ ಕಪ್ಪು ನೊಣಗಳೂ ಹಾರಾಡುತ್ತಿವೆ.

ಬೀಜದಬುಟ್ಟಿ:
ಹಾಗಾದರೆ ಇದು ಸಸಿ ಕೊಳೆ ರೋಗವೇ. ಪಿಥಿಯಂ, ರೈಜೋಕ್ಟೋನಿಯಾ ಅನ್ನುವ ರೋಗಾಣುಗಳಿಂದ ಬರುತ್ತದೆ. ಸದಾ ಒದ್ದೆ, ಗಾಳಿಯಿಲ್ಲ, ಬೆಳಕು ಕಡಿಮೆ ಅಂದರೆ ಅವುಗಳಿಗೆ ಹಬ್ಬ. ಬಾಡಿದ ಹಾಗೆ ಕಾಣುವುದಕ್ಕೆ ಕಾರಣ ಬಾಯಾರಿಕೆ ಅಲ್ಲ, ಬುಡ ಕೊಳೆತು ನೀರು ಮೇಲಕ್ಕೆ ಹೋಗುತ್ತಿಲ್ಲ. ಅದಕ್ಕೇ ನೀರು ಹಾಕಿದಷ್ಟೂ ಜಾಸ್ತಿಯಾಗುತ್ತಿದೆ.

ಬಿದ್ದ ಸಸಿ ಯಾವ ಮದ್ದಿಗೂ ಏಳುವುದಿಲ್ಲ. ಸುತ್ತಲಿನ ಮಿಶ್ರಣದ ಸಮೇತ ತೆಗೆದುಹಾಕಿ, ಕಾಂಪೋಸ್ಟಿಗೆ ಸೇರಿಸಬೇಡಿ. ಮುಚ್ಚಳ ಇವತ್ತೇ ತೆಗೆಯಿರಿ, ಮೊಳಕೆ ಮೇಲೆ ಬಂದ ಮೇಲೆ ಅದರ ಕೆಲಸ ಮುಗಿಯಿತು. ಎಲೆ ಸುಮ್ನೆ ಅಲುಗಾಡುವಷ್ಟು ಫ್ಯಾನ್ ಗಾಳಿ ಬರಲಿ.

ನೀರಿನ ವಿಷಯದಲ್ಲಿ ಮಾತ್ರ ತುಂಬಾ ಜಾಗ್ರತೆ ಬೇಕು. ಮೇಲ್ಪದರ ಒಣಗಿ ಬಣ್ಣ ತಿಳಿಯಾಗಬೇಕು, ಟ್ರೇ ಎತ್ತಿದರೆ ಹಗುರ ಅನ್ನಿಸಬೇಕು. ಆಗ ಅಗಲ ತಟ್ಟೆಯಲ್ಲಿ ನೀರು ಹಾಕಿ, ತೂತಿರುವ ಟ್ರೇಯನ್ನು ಅದರಲ್ಲಿ 15–20 ನಿಮಿಷ ಇಡಿ. ಕೆಳಗಿಂದ ಬೇಕಾದಷ್ಟು ಹೀರಿಕೊಳ್ಳುತ್ತದೆ. ಉಳಿದ ನೀರು ಚೆಲ್ಲಿಬಿಡಿ. ಮೇಲ್ಪದರ ಒಣಗಿದ್ದರೆ ಆ ನೊಣಗಳೂ ಕಡಿಮೆಯಾಗುತ್ತವೆ. ಅವುಗಳ ಮರಿಗಳು ಎಳೆ ಬೇರು ತಿನ್ನುತ್ತವೆ, ಅಸಡ್ಡೆ ಮಾಡಬೇಡಿ.

ಬೀಜಕ್ಕೆ ಅರ್ಧದಷ್ಟು ಎರೆಗೊಬ್ಬರ ಜಾಸ್ತಿಯಾಯಿತು. ಮೊದಲ ದಿನಗಳ ಊಟ ಬೀಜದಲ್ಲೇ ಇರುತ್ತದೆ. ಹತ್ತು ಪಾಲಿನಲ್ಲಿ ಒಂದೆರಡು ಪಾಲು ಗೊಬ್ಬರ ಸಾಕು. ಉಳಿದದ್ದು ಚೆನ್ನಾಗಿ ತೊಳೆದ ಕೋಕೋಪೀಟ್, ಸ್ವಲ್ಪ ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರವಾದ ಬಿಳಿ ಹರಳು) ಅಥವಾ ದಪ್ಪ ಮರಳು. ಒಂದು ಹಿಡಿ ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು.

ಕೈತೋಟ:
ದಾಲ್ಚಿನ್ನಿ ಪುಡಿ ಉದುರಿಸಿದರೂ ಆಗುತ್ತದೆ ಅಂತಾರಲ್ವಾ?

ಬೀಜದಬುಟ್ಟಿ:
ಎಷ್ಟೋ ಜನ ಬಳಸುತ್ತಾರೆ. ಆದರೆ ಒದ್ದೆ ಹಾಗೇ ಇಟ್ಟುಕೊಂಡು ಪುಡಿ ನಂಬಿ ಕೂರುವುದು ಬೇಡ. ನನ್ನ ಆಯ್ಕೆ ಟ್ರೈಕೋಡರ್ಮಾ. ಅದು ರೋಗಾಣುಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ. ಬಿತ್ತುವ ಮೊದಲೇ ಪೊಟ್ಟಣದಲ್ಲಿ ಬರೆದ ಅಳತೆಯಲ್ಲಿ ಮಿಶ್ರಣಕ್ಕೆ ಸೇರಿಸಬೇಕು. ರೋಗ ಬಂದ ಮೇಲೆ ಹಾಕಿದರೆ ಅಷ್ಟು ಉಪಯೋಗವಿಲ್ಲ. ಜೀವ ಇರುವ ವಸ್ತು, ಹಾಗಾಗಿ ಅವಧಿ ಮುಗಿದದ್ದನ್ನು ಕೊಳ್ಳಬೇಡಿ. ಹಳೆಯ ಟ್ರೇ ಬಳಸುವುದಾದರೆ ಸೋಪು ನೀರಿನಲ್ಲಿ ಉಜ್ಜಿ ತೊಳೆದು ಬಿಸಿಲಿಗೆ ಒಣಗಿಸಿ.

ಚಿಗುರು:
ಮುಚ್ಚಳ ತೆಗೆದು, ಕೆಳಗಿಂದ ನೀರು ಕೊಡಲು ಶುರು ಮಾಡಿದ ಮೇಲೆ ಹೊಸದಾಗಿ ಯಾವುದೂ ಬಿದ್ದಿಲ್ಲ. ತುಂಬಾ ಸಮಾಧಾನ ಆಯಿತು, ಧನ್ಯವಾದ. ಈಗ ಉದ್ದವಾಗಿರುವ ಸಸಿಗಳನ್ನು ಏನು ಮಾಡಲಿ? ಮೆಣಸಿನಕಾಯಿ ಅಂತೂ ಈಗಷ್ಟೇ ತಲೆ ಎತ್ತುತ್ತಿದೆ.

ಬೀಜದಬುಟ್ಟಿ:
ಮೆಣಸಿನಕಾಯಿ ನಿಧಾನವೇ, ಎರಡು ಮೂರು ವಾರ ಹಿಡಿದರೂ ಆಶ್ಚರ್ಯವಿಲ್ಲ. ಟ್ರೇ ಬೆಚ್ಚಗಿರಲಿ. ಉದ್ದ ಆಗಿರುವುದು ಬೆಳಕು ಸಾಲದೆ. ಕಿಟಕಿಯ ಬೆಳಕು ಸಾಲದಿದ್ದರೆ ಸಸಿಯ ತುದಿಯಿಂದ ಒಂದು ಗೇಣು ಮೇಲೆ ಎಲ್‌ಇಡಿ ದೀಪ ಕಟ್ಟಿ, ದಿನಕ್ಕೆ 14–16 ಗಂಟೆ ಉರಿಸಿ. ರಾತ್ರಿ ಆರಿಸಿ.

ಟೊಮೆಟೊಗೆ ಬೀಜದೆಲೆ ಬಿಟ್ಟು ನಿಜವಾದ ಎಲೆ ಎರಡು ಬರಲಿ. ಆಮೇಲೆ ಹೊಸ ಮಿಶ್ರಣ ತುಂಬಿದ ಕಪ್‌ಗೆ ಬದಲಿಸಿ, ಬೀಜದೆಲೆಯ ಹತ್ತಿರದವರೆಗೂ ಕಾಂಡ ಹೂಳಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಬುಡ ಚೂರು ಕಂದಾಗಿದ್ದರೂ ಆ ಸಸಿ ಬೇಡ. ಮೆಣಸಿನಕಾಯಿಯನ್ನು ಮಾತ್ರ ಟ್ರೇಯಲ್ಲಿ ಇದ್ದಷ್ಟೇ ಆಳಕ್ಕೆ ನೆಡಿ. ಎತ್ತುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿ ಹೋಯಿತು.